ಎಲ್ಲಿ ಬರೆದಿದೆ?

ಭಾನುವಾರದ ಮಧ್ಯಾಹ್ನ ಮಾತ್ರ ಆ ಮನೆಯ ನಾಲ್ಕೂ ಜನ ಒಂದೇ ಮೇಜಿಗೆ ಕೂರುತ್ತಿದ್ದರು. ಉಳಿದ ಆರು ದಿನ ಯಾರು ಉಂಡರು, ಯಾರು ಹಾಗೇ ಹೋದರು ಅನ್ನುವುದನ್ನು ಸಿಂಕಿನಲ್ಲಿ ಬಿದ್ದ ತಟ್ಟೆ ನೋಡಿ ತಿಳಿದುಕೊಳ್ಳಬೇಕು. ಮಗ ಮನೆಮನೆಯ ನೀರಿನ ಮೀಟರು ನೋಡುವ ಕೆಲಸದವನು, ಬೆಳಗಾಗುತ್ತಲೇ ಹೊರಟುಬಿಡುತ್ತಿದ್ದ. ಸೊಸೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಳು. ಮೊಮ್ಮಗಳಿಗೆ ಕಾಲೇಜು. ಹೀಗಾಗಿ ಬೋರ್ಡ್ ಮೇಷ್ಟ್ರು ಮೂರು ಹೊತ್ತೂ ಎದುರಿನ ಖಾಲಿ ಕುರ್ಚಿ ನೋಡಿಕೊಂಡೇ ಉಣ್ಣುತ್ತಿದ್ದರು. ಅದು ಅವರ ಹೆಂಡತಿಯ ಕುರ್ಚಿ. ಆಕೆ ತೀರಿಕೊಂಡು ಎಂಟು ತಿಂಗಳಾಗಿತ್ತು.

ಮೇಷ್ಟ್ರು ಅಂದರೆ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಲವತ್ತು ವರ್ಷ ಅಂಗಡಿಗಳ ಬೋರ್ಡು, ಆಸ್ಪತ್ರೆಯ ಗೋಡೆ, ಬಸ್ಸಿನ ಹಣೆ ಬರೆದವರು. ಅವರ ಅಕ್ಷರ ಅಷ್ಟು ದುಂಡಗಿರುತ್ತಿತ್ತು ಅಂತ ಜನ ಮೇಷ್ಟ್ರು ಅಂದರು, ಅದೇ ಉಳಿಯಿತು. ವರ್ಷಕ್ಕೊಮ್ಮೆ ಚರ್ಚಿನ ಗೋಡೆಯ ಮೇಲೆ ಬೈಬಲಿನ ಹೊಸ ವಾಕ್ಯ ಬರೆಯುವುದೂ ಅವರೇ. ಪಾಸ್ಟರು ಚೀಟಿಯಲ್ಲಿ ಬರೆದುಕೊಟ್ಟರೆ ಮೂರು ದಿನದಲ್ಲಿ ಗೋಡೆಗೆ ಏರಿಸುತ್ತಿದ್ದರು. ಮೇಲಾಗಿ ಇಪ್ಪತ್ತು ವರ್ಷದಿಂದ ಸಭೆಯ ಹಿರಿಯರು. ಯಾರ ಮನೆಯಲ್ಲಿ ಜಗಳವಾದರೂ ಇವರನ್ನು ಕರೆಯುತ್ತಿದ್ದರು. ಇವರು ಹೋಗಿ ಒಂದು ವಾಕ್ಯ ಹೇಳಿ, "ಹೀಗಂತ ಬರೆದಿದೆ" ಅಂದರೆ ಅಲ್ಲಿಗೆ ಮಾತು ಮುಗಿಯಿತು.

ಆ ಭಾನುವಾರ ಮೊಮ್ಮಗಳು ಪಲ್ಯ ಬಡಿಸಿಕೊಳ್ಳುತ್ತಾ, ಉಪ್ಪು ಈಕಡೆ ಕೊಡಿ ಅಂದಷ್ಟು ಸಲೀಸಾಗಿ ಹೇಳಿದಳು. "ರಜೆಗೆ ನಾನು ಅತ್ತೆ ಊರಿಗೆ ಹೋಗ್ತೀನಿ. ಎರಡು ವಾರ. ಕಾರು ಕಲಿಸ್ತೀನಿ ಅಂದಿದ್ದಾರೆ."

ಮಗ ಅಗಿಯುವುದನ್ನು ನಿಲ್ಲಿಸಿದ. ಸೊಸೆ ನೀರಿನ ಲೋಟವನ್ನೇ ನೋಡತೊಡಗಿದಳು.

"ಯಾವ ಅತ್ತೆ?" ಅಂದರು ಮೇಷ್ಟ್ರು.

"ನನಗಿರೋದೇ ಒಬ್ಬರು ಅತ್ತೆ, ತಾತ."

"ಅವಳ ಸುದ್ದಿ ಈ ಮೇಜಿನ ಮೇಲೆ ಬೇಡ."

"ಸುದ್ದಿ ಅಲ್ಲ, ಊರಿಗೆ ಹೋಗೋ ವಿಷಯ."

"ಲೇ, ಬಾಯಿ ಜಾಸ್ತಿ ಆಯ್ತು" ಅಂದ ಮಗ, ಮಗಳಿಗೆ. ಅವನಿಗೆ ಯಾರ ಪರವೂ ಮಾತಾಡುವುದು ಬೇಕಿರಲಿಲ್ಲ. ಊಟ ಮುಗಿಸಿ ಒಂದು ಗಂಟೆ ಮಲಗಬೇಕಿತ್ತು, ಅಷ್ಟೇ.

ಮೇಷ್ಟ್ರು ಬೆರಳೆತ್ತಿದರು. "ಗಂಡನ ಮನೆ ಬಿಟ್ಟು ಬಂದ ಮಗಳಿಗೆ ತಂದೆಯು ಬಾಗಿಲು ತೆರೆಯದಿರಲಿ. ಹೀಗಂತ ಬರೆದಿದೆ. ನಾನು ಮಾಡಿದ ಕಾನೂನಲ್ಲ ಇದು."

ಒಂಬತ್ತು ವರ್ಷದ ಹಿಂದೆ ಇದೇ ಮಾತನ್ನು ಅವರು ಮಗಳಿಗೆ ಹೇಳಿದ್ದರು, ಮೆಟ್ಟಿಲ ಮೇಲೆ ನಿಂತು. ಗಂಡನ ಕೈ ಸ್ವಲ್ಪ ಮುಂದು ಅಂತ ಅವರಿಗೂ ಗೊತ್ತಿತ್ತು. ಅವಳ ಎಡಗಿವಿ ಊದಿದ್ದು ಕಣ್ಣಿಗೆ ಕಂಡೂ ಇತ್ತು. ಆದರೂ ಅಂದರು. ಅವಳು ಒಂದು ಚೀಲ ಹಿಡಿದುಕೊಂಡು ಬಂದವಳು ಅದೇ ಚೀಲ ಹಿಡಿದುಕೊಂಡು ಇಳಿದು ಹೋದಳು. ಗಂಡನ ಮನೆಗೂ ಹೋಗಲಿಲ್ಲ. ಬೇರೊಂದು ಊರಿನಲ್ಲಿ ಹೆಂಗಸರಿಗೆ ಕಾರು ಕಲಿಸುವ ಕೆಲಸ ಹಿಡಿದಳು. ತಾಯಿಯ ಮಣ್ಣಿಗೆ ಬಂದು, ಹಿಂದೆ ಗೇಟಿನ ಹತ್ತಿರ ನಿಂತು, ಯಾರೊಂದಿಗೂ ಮಾತಾಡದೆ ಹೊರಟುಹೋದಳು.

"ಎಲ್ಲಿ ಬರೆದಿದೆ, ತಾತ?" ಅಂದಳು ಮೊಮ್ಮಗಳು.

"ಜ್ಞಾನೋಕ್ತಿಗಳಲ್ಲಿ."

"ಎಷ್ಟನೇ ಅಧ್ಯಾಯ?"

"ತಾತನಿಗೆ ಪರೀಕ್ಷೆ ಇಡ್ತೀಯೇನೇ?"

ಅವಳು ಆಗಲೇ ಫೋನು ತೆಗೆದಿದ್ದಳು. ಎಡಗೈಯಲ್ಲಿ ಒತ್ತಿ, ಕೆಳಗೆ ಸರಿಸಿ, ಮತ್ತೆ ಒತ್ತಿದಳು. "ಇಲ್ಲ. ಎಲ್ಲೂ ಇಲ್ಲ."

"ಫೋನಿಗೆ ಏನು ಗೊತ್ತು? ಇದೆ. ನಾನು ತೋರಿಸ್ತೀನಿ."

"ತೋರಿಸಿ. ನೀವು ಹುಡುಕಿ ಮುಗಿಸೋವರೆಗೂ ನಾನು ಹೋಗಲ್ಲ, ತೋರಿಸಿದ್ರೆ ಆಮೇಲೂ ಹೋಗಲ್ಲ. ಆಣೆ." ಅವಳು ಎದ್ದು ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು. ಅಂದಿನಿಂದ ತಾತನ ಜೊತೆ ಮಾತು ಬಿಟ್ಟಳು.

ಪುಸ್ತಕ ಫ್ರಿಜ್ಜಿನ ತಲೆಯ ಮೇಲಿತ್ತು. ಅದರ ಮೇಲೆ ಕರೆಂಟು ಬಿಲ್ಲು, ಔಷಧಿ ಚೀಟಿ, ಒಂದು ಟಾರ್ಚು. ಅದು ಹೆಂಡತಿಯ ವೇದಪುಸ್ತಕ, ಬೈಬಲು. ಆಕೆ ಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ಮೇಷ್ಟ್ರು ಸೋಮವಾರ ಬೆಳಿಗ್ಗೆ, ಎಲ್ಲರೂ ಹೊರಟ ಮೇಲೆ, ಸ್ಟೂಲು ಹತ್ತಿ ಅದನ್ನು ಇಳಿಸಿದರು. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದರು. ಸಣ್ಣ ಅಕ್ಷರ ಬರೆಯುವಾಗ ಬಳಸುತ್ತಿದ್ದ ಭೂತಗನ್ನಡಿ ಹುಡುಕಿ ತಂದರು. ಅರ್ಧ ಗಂಟೆಯ ಕೆಲಸ ಅಂದುಕೊಂಡು ಕೂತರು.

ಅದರೊಳಗಿನ ಒಂದು ಭಾಗ ಜ್ಞಾನೋಕ್ತಿಗಳು, ಮೂವತ್ತೊಂದು ಅಧ್ಯಾಯ. ಬುಧವಾರ ಸಂಜೆಗೆ ಮುಗಿಯಿತು. ಸೋಮಾರಿಯ ವಿಷಯವಿತ್ತು, ಸುಳ್ಳು ತಕ್ಕಡಿಯ ವಿಷಯವಿತ್ತು, ಬಾಯಿಬಡುಕರ ವಿಷಯ ಬೇಕಾದಷ್ಟಿತ್ತು. ಇವರ ಮಾತು ಇರಲಿಲ್ಲ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರನ್ನು ಬಾಗಿಲ ಬಳಿ ಹಿಡಿದರು. ಪಾಸ್ಟರು ಇನ್ನೂ ಮೂವತ್ತು ದಾಟದವರು, ಹಿರಿಯರೆಂದರೆ ಸ್ವಲ್ಪ ಅಂಜಿಕೆ.

"ಗಂಡನ ಮನೆ ಬಿಟ್ಟು ಬಂದ ಮಗಳಿಗೆ ಅಂತ ಒಂದು ವಾಕ್ಯ ಬರುತ್ತಲ್ಲ, ಅದು ಎಲ್ಲಿ ಪಾಸ್ಟರೇ?"

ಪಾಸ್ಟರು ಕಣ್ಣು ಕಿರಿದು ಮಾಡಿದರು. "ಕೇಳಿದ ಹಾಗಿದೆ, ಹಿರಿಯರೇ..."

"ಎಲ್ಲಿ ಕೇಳಿದ್ದು?"

"ನೀವೇ ಅಲ್ವಾ ಒಂದು ಸಲ ಪ್ರಾರ್ಥನೆ ಕೂಟದಲ್ಲಿ ಹೇಳಿದ್ದು?"

ಮೇಷ್ಟ್ರು ಚಪ್ಪಲಿ ಮೆಟ್ಟಿದರು. ಮನೆಗೆ ಬಂದು ಮೊದಲ ಪುಟದಿಂದ ಶುರು ಮಾಡಿದರು. ಜ್ಞಾನೋಕ್ತಿಗಳಲ್ಲಿ ಇಲ್ಲದಿದ್ದರೆ ಇನ್ನೆಲ್ಲೋ ಇರಬೇಕು. ಅಷ್ಟು ದಪ್ಪದ ಪುಸ್ತಕ, ಒಂದು ಸಾಲು ಎಲ್ಲಿಗೆ ಹೋಗುತ್ತದೆ?

ಹೀಗೆ ಹನ್ನೊಂದು ವಾರ ಹಿಡಿಯಿತು.

ಬೆಳಿಗ್ಗೆ ಬ್ರೆಡ್ಡು, ಮೊಟ್ಟೆ, ಟೀ. ಎಂಟೂವರೆಗೆ ಮನೆ ಖಾಲಿ. ಮೇಷ್ಟ್ರು ಮೇಜು ಒರೆಸಿ, ಕಿಟಕಿಯ ಕಡೆ ಕುರ್ಚಿ ತಿರುಗಿಸಿಕೊಂಡು ಕೂರುವರು. ಮೊದಲ ವಾರ ಅವರು ಓದಲಿಲ್ಲ, ಹುಡುಕಿದರು. ಬೆರಳು ಸಾಲಿನ ಕೆಳಗೆ ಓಡುತ್ತಿತ್ತು. "ಮಗಳು" ಅನ್ನುವ ಪದ ಬಂದಲ್ಲಿ ನಿಲ್ಲುವುದು, ಇದಲ್ಲ ಅಂದುಕೊಂಡು ಮುಂದೆ ಹೋಗುವುದು. ಎರಡನೇ ವಾರದ ಹೊತ್ತಿಗೆ ಬೆರಳು ನಿಧಾನವಾಯಿತು. ಕತೆ ಅರ್ಧಕ್ಕೆ ಬಿಟ್ಟು ಸಾರು ಬಿಸಿ ಮಾಡಲು ಎದ್ದರೆ, ಒಲೆಯ ಮುಂದೆ ನಿಂತೂ ಮನಸ್ಸು ಆ ಅಣ್ಣತಮ್ಮಂದಿರ ಜಗಳದಲ್ಲೇ ಇರುತ್ತಿತ್ತು. ಎಪ್ಪತ್ತು ವರ್ಷ ಈ ಕತೆಗಳನ್ನು ಕೇಳಿಕೊಂಡೇ ಬಂದವರು. ಆದರೆ ಕೇಳಿದ್ದು ಬರೀ ತಲೆಬರಹ ಅಂತ ಈಗ ಗೊತ್ತಾಯಿತು. ಕೆಳಗೆ ಇಷ್ಟು ಬರೆದಿದೆ ಅಂತ ಗೊತ್ತಿರಲಿಲ್ಲ.

ಇನ್ನೊಂದನ್ನೂ ನೋಡಿದರು. ಪುಟಗಳ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ತಾರೀಖುಗಳು. ಹೆಂಡತಿ ದಿನಾ ಬೆಳಿಗ್ಗೆ ಓದಿ ನಿಲ್ಲಿಸಿದ ಜಾಗಕ್ಕೆ ತಾರೀಖು ಹಾಕುತ್ತಿದ್ದಳು. ಒಂದೇ ಪುಟದಲ್ಲಿ ನಾಲ್ಕೈದು ವರ್ಷದ ತಾರೀಖುಗಳು ಒಂದರ ಕೆಳಗೊಂದು. ಇವರು ಬಣ್ಣ ಕಲಸುವಾಗ ಅವಳು ಪಕ್ಕದಲ್ಲೇ ಕೂತು ಜೋರಾಗಿ ಓದುತ್ತಿದ್ದಳು. ನಲವತ್ತು ವರ್ಷ ಓದಿದ್ದಾಳೆ. ಒಂದು ಸಾಲಾದರೂ ತನ್ನ ಕಿವಿಯಲ್ಲಿ ಯಾಕೆ ನಿಂತಿಲ್ಲ ಅಂತ ಮೇಷ್ಟ್ರು ಯೋಚಿಸಿದರು. ಖಾಲಿ ಮನೆಯಲ್ಲಿ ಆ ತಾರೀಖುಗಳ ಹಿಂದೆ ಹಿಂದೆ ಹೋಗುವುದೆಂದರೆ, ಮುಂದೆ ಯಾರೋ ನಡೆದುಹೋದ ದಾರಿಯಲ್ಲಿ ಒಬ್ಬರೇ ನಡೆದ ಹಾಗಾಗುತ್ತಿತ್ತು. ಹೆಜ್ಜೆ ಕಾಣುತ್ತದೆ, ಆಳು ಕಾಣುವುದಿಲ್ಲ.

"ಮಾವ, ಕಣ್ಣು ಹಾಳು ಮಾಡ್ಕೋಬೇಡಿ. ಆಪರೇಷನ್ ಆಗಿ ಇನ್ನೂ ವರ್ಷ ತುಂಬಿಲ್ಲ" ಅಂದಳು ಸೊಸೆ ಒಂದು ಸಂಜೆ, ತರಕಾರಿ ಚೀಲ ಇಳಿಸುತ್ತಾ.

"ನೀನು ಓದ್ತೀಯೇನಮ್ಮಾ ಇದನ್ನ?"

"ಮೊದಲು ಓದ್ತಿದ್ದೆ. ಈಗ ಲ್ಯಾಬು, ಅಡುಗೆ... ನೆಪ ಅಂತಾನೂ ಅನ್ನಬಹುದು." ಅವಳು ಬೀನ್ಸು ಮುರಿಯಲು ಕೂತಳು. "ಅತ್ತೆ ಹೇಳೋರು, ದಿನಾ ಗುಡಿಸದಿದ್ದರೆ ಜೇಡ ಬಂದು ಮನೆ ತನ್ನದೇ ಅನ್ನುತ್ತೆ ಅಂತ."

"ಅಂದ್ರೆ?"

"ದಿನಾ ಓದದಿದ್ದರೆ ನಾವು ಅಂದುಕೊಂಡಿದ್ದನ್ನೇ ದೇವರು ಹೇಳಿದ್ದು ಅಂತ ಕೂತುಬಿಡ್ತೀವಂತೆ. ನನಗೇ ಹೇಳಿದ್ದು, ನಿಮಗಲ್ಲ" ಅಂತ ಕೊನೆಗೆ ಬೇಗ ಸೇರಿಸಿದಳು.

ಮೇಷ್ಟ್ರು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. ಅವರ ತಲೆಯಲ್ಲಿ ಆವತ್ತು ಓದಿದ್ದೇ ಕೊರೆಯುತ್ತಿತ್ತು. ದೊಡ್ಡ ಮನೆತನದ ಯಜಮಾನ, ಬೆಳ್ಳಂಬೆಳಿಗ್ಗೆ ದಾಸಿಯ ಹೆಗಲಿಗೆ ರೊಟ್ಟಿ, ನೀರಿನ ಚೀಲ ಹೊರಿಸಿ, ಮಗುವಿನ ಜೊತೆ ಕಾಡಿಗೆ ಕಳಿಸಿದ್ದು. ನೀರು ಮುಗಿದ ಮೇಲೆ ಅವಳು ಮಗುವಿನ ಸಾವು ನೋಡಲಾರದೆ ದೂರ ಹೋಗಿ ಕೂತದ್ದು. ಒಂಬತ್ತು ವರ್ಷದ ಹಿಂದೆ ಮಗಳು ಮೆಟ್ಟಿಲಿಳಿದು ಹೋದಾಗ ಹೆಂಡತಿ ಅಡುಗೆಮನೆಯಿಂದ ಓಡಿಬಂದು, ಇವರನ್ನು ಪಕ್ಕಕ್ಕೆ ಸರಿಸಿ, ಒಂದು ಬಾಟಲಿ ನೀರು, ಅರ್ಧ ಪೌಂಡ್ ಬ್ರೆಡ್ಡು ಹಿಡಿದು ಬೀದಿಗೆ ಇಳಿದಿದ್ದಳು. ಬರಿಗಾಲಲ್ಲಿ. "ಎಲ್ಲಿಗೆ ಹೊರಟೆ?" ಅಂತ ಇವರು ಗದರಿದ್ದರು.

ಆ ಪುಟದ ಅಂಚು ನೋಡಿದರು. ಹಳೆಯ ತಾರೀಖುಗಳ ನಡುವೆ ಆ ವರ್ಷದ್ದೊಂದು, ಮಗಳು ಹೋಗಿ ನಾಲ್ಕು ದಿನಕ್ಕೆ ಹಾಕಿದ್ದು. ಮೇಷ್ಟ್ರಿಗೆ ಏನೋ ಹೊಳೆದು ಜ್ಞಾನೋಕ್ತಿಗಳಿಗೆ ತಿರುಗಿಸಿದರು. ಅಲ್ಲೂ ಅದೇ ವಾರ. ಮಗಳು ಹೋದ ಮಾರನೇ ದಿನ ಜ್ಞಾನೋಕ್ತಿಗಳ ಮೊದಲ ಅಧ್ಯಾಯ, ಮೂರನೇ ದಿನಕ್ಕೆ ಕೊನೆಯದು. ಆಮೇಲೆ ಮೊದಲ ಪುಟದಿಂದ. ಬೇರೆ ವರ್ಷಗಳಲ್ಲಿ ದಿನಕ್ಕೊಂದು ಅಧ್ಯಾಯ ಓದುತ್ತಿದ್ದವಳು ಆ ವರ್ಷ ದಿನಕ್ಕೆ ಹತ್ತು, ಹದಿನೈದು ಓದಿದ್ದಾಳೆ.

ಇವಳೂ ಹುಡುಕಿದ್ದಾಳೆ! ಇದೇ ದಾರಿಯಲ್ಲಿ, ಇದೇ ಸಾಲನ್ನು.

ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟರು. ಸಿಕ್ಕಿದ್ದರೆ ಹೇಳುತ್ತಿದ್ದಳು. ಸಿಗದಿದ್ದರೂ ಹೇಳಬೇಕಿತ್ತಲ್ಲ? ಯಾಕೆ ಹೇಳಲಿಲ್ಲ? ಕೇಳೋಣವೆಂದರೆ ಎದುರಿಗೆ ಕುರ್ಚಿ ಮಾತ್ರ ಇತ್ತು.

ಐದನೇ ವಾರ ಮೊಮ್ಮಗಳ ರಜೆ ಶುರುವಾಯಿತು. ಅವಳು ಹೋಗಲಿಲ್ಲ; ಆಣೆಗೆ ಕಟ್ಟುಬಿದ್ದು ಕೂತಳು. ಆದರೆ ಮನೆಯಲ್ಲಿ ಮುಖ ಊದಿಸಿಕೊಂಡೇ ತಿರುಗಿದಳು. ತಾತನ ಮುಂದೆ ಟೀ ಇಡುವಾಗ ಲೋಟ ಮೇಜಿಗೆ ಕುಟ್ಟಿ ಇಡುವುದು, ಪುಸ್ತಕದ ಕಡೆ ಒಮ್ಮೆ ಕಣ್ಣು ಹಾಯಿಸುವುದು.

ಮಗನಿಗೆ ತಡೆಯಲಾಗಲಿಲ್ಲ. "ಅಪ್ಪಾ, ಸಾಕು ಬಿಡಿ. ಹುಡುಗಿ ಏನೋ ಅಂದಳು, ನೀವು ಏನೋ ಹಿಡಿದ್ರಿ. ಮನೇಲಿ ಉಸಿರಾಡೋ ಹಾಗಿಲ್ಲ."

"ನಿನಗೆ ನಿನ್ನ ಅಕ್ಕನ ನೆನಪಾಗಲ್ಲವೇನೋ?"

ಮಗ ತಬ್ಬಿಬ್ಬಾದ. ಈ ಪ್ರಶ್ನೆ ಅಪ್ಪನ ಬಾಯಲ್ಲಿ ಬರಬಹುದೆಂದು ಅವನು ಎಣಿಸಿರಲಿಲ್ಲ. "ಆಗುತ್ತೆ" ಅಂದ, ಶೂ ಲೇಸು ಕಟ್ಟುತ್ತಾ. "ಆಗುತ್ತೆ. ಏನ್ ಮಾಡ್ಲಿ? ಬರೆದಿದೆ ಅಂದ್ರಿ. ಬರೆದದ್ದನ್ನ ಅಳಿಸೋಕೆ ನಾನ್ಯಾರು?"

ಆರನೇ ವಾರ ಜನಗಣತಿಯ ಪುಟಗಳು ಬಂದವು. ಹೆಸರು, ಸಂಖ್ಯೆ, ಕುಲ, ಹೆಸರು. ಮೇಷ್ಟ್ರಿಗೆ ಬೇಸರದಿಂದ ತೂಕಡಿಕೆ ಹತ್ತಿತು. ಅಂಥ ಪುಟಗಳ ನಡುವೆ ಐದು ಜನ ಅಕ್ಕತಂಗಿಯರು ಎದ್ದುಬಂದರು. ಅಪ್ಪ ಸತ್ತಿದ್ದಾನೆ, ಗಂಡುಮಕ್ಕಳಿಲ್ಲ. ನಮಗೂ ಪಾಲು ಕೊಡಿ ಅಂತ ಎಲ್ಲ ಮುಖಂಡರ ಎದುರು ನಿಂತು ಕೇಳುತ್ತಾರೆ. ಮೇಷ್ಟ್ರು, ಈಗ ಗದರಿಕೆ ಬೀಳುತ್ತದೆ ಅಂತ ಕಾದರು. ಬೀಳಲಿಲ್ಲ. ಆ ಹೆಣ್ಣುಮಕ್ಕಳು ಹೇಳಿದ್ದು ಸರಿ ಅಂತ ದೇವರೇ ಅಂದುಬಿಟ್ಟ. ಮೇಷ್ಟ್ರು ಆ ಭಾಗವನ್ನು ಮತ್ತೆ ಓದಿದರು. ಇಪ್ಪತ್ತು ವರ್ಷ ಹಿರಿಯರಾಗಿದ್ದವರಿಗೆ ಇದು ಇದೆ ಅಂತ ಗೊತ್ತೇ ಇರಲಿಲ್ಲ. ಇಲ್ಲದಿದ್ದದ್ದು ಮಾತ್ರ ಬಾಯಿಪಾಠವಾಗಿತ್ತು.

ಎಂಟನೇ ವಾರ ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ, ಕನ್ನಡಿಯಲ್ಲಿ ತಮ್ಮ ಮುಖ ಅಪ್ಪನ ಮುಖದ ಹಾಗೆ ಕಂಡಿತು. ಆಗ ನೆನಪಾಯಿತು. ಅವರಿಗೆ ಏಳೋ ಎಂಟೋ ವರ್ಷ. ಬಾಗಿಲಲ್ಲಿ ಸೋದರತ್ತೆ ಅಳುತ್ತಾ ನಿಂತಿದ್ದಾಳೆ. ಅಪ್ಪ ಬೆರಳೆತ್ತಿ ಅದೇ ಮಾತು ಹೇಳುತ್ತಿದ್ದಾನೆ, ಅಕ್ಷರ ಬಿಡದೆ. ಕೊನೆಗೆ, "ಹೀಗಂತ ಬರೆದಿದೆ." ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವವನು.

ಮೇಷ್ಟ್ರು ಅರ್ಧ ಹೆರೆದ ಮುಖದಲ್ಲೇ ಬಚ್ಚಲ ಸ್ಟೂಲಿನ ಮೇಲೆ ಕೂತುಬಿಟ್ಟರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಒಂದು ಪುಟ ಉಳಿದರೂ, ಅದರಲ್ಲಿ ಇತ್ತೇನೋ ಅನ್ನುವ ಮಾತು ಉಳಿಯುತ್ತದೆ. ಮುಖ ತೊಳೆದು, ಟೀ ಕಾಸಿ, ಬಿಟ್ಟಲ್ಲಿಂದ ಓದಿದರು.

ಹನ್ನೊಂದನೇ ವಾರದ ಶನಿವಾರ ಪುಸ್ತಕದ ಕಡೇ ಭಾಗ, ಪ್ರಕಟನೆಯ ಕೊನೆಯ ಸಾಲು ಮುಗಿಯಿತು. ಮಾರನೇ ದಿನ ಊಟಕ್ಕೆ ಎಲ್ಲರೂ ಕೂತಾಗ ಅವರು ಪುಸ್ತಕವನ್ನು ಮೇಜಿನ ಮೇಲಿಟ್ಟರು.

"ಇಲ್ಲ" ಅಂದರು.

"ಏನಿಲ್ಲ?" ಅಂದ ಮಗ.

"ಆ ಮಾತು ಇದರಲ್ಲಿಲ್ಲ. ನನ್ನಪ್ಪನ ಮಾತು ಅದು. ನಾನು ದೇವರ ತಲೆಗೆ ಕಟ್ಟಿದೆ."

ಮಗ ಅನ್ನ ಕಲಸಿದ. "ಸರಿ, ಇಲ್ಲಾಂದ್ರೆ ಇಲ್ಲ. ಈಗ ಏನ್ ಮಾಡೋಕಾಗುತ್ತೆ?"

"ಏನ್ ಮಾಡೋಕಾಗುತ್ತಾ?" ಸೊಸೆ ಸೌಟನ್ನು ಪಾತ್ರೆಯೊಳಕ್ಕೆ ಬಿಟ್ಟಳು. ಈ ಮನೆಗೆ ಬಂದ ಇಪ್ಪತ್ತು ವರ್ಷದಲ್ಲಿ ಅವಳು ಮಾವನ ಮುಂದೆ ದನಿ ಎತ್ತಿದವಳಲ್ಲ. "ಒಂಬತ್ತು ವರ್ಷ ನಾನು ಇವರ ಅಕ್ಕನಿಗೆ ಲ್ಯಾಬಿನ ಫೋನಿಂದ ಕಳ್ಳತನದಲ್ಲಿ ಫೋನ್ ಮಾಡಿದ್ದೀನಿ. ಅತ್ತೆ ಆಸ್ಪತ್ರೇಲಿದ್ದಾಗ ಅವರನ್ನ ಹಿಂದಿನ ಬಾಗಿಲಿಂದ ಕರೆಸಿ, ನೀವು ಟೀಗೆ ಹೋದ ಹತ್ತು ನಿಮಿಷದಲ್ಲಿ ತಾಯಿ ಮುಖ ತೋರಿಸಿ ಕಳಿಸಿದ್ದೀನಿ. ಹತ್ತು ನಿಮಿಷ, ಮಾವ! ದೇವರ ಮಾತು ಮೀರಿದೆ ಅಂತ ಆಮೇಲೆ ನಾನೇ ಅತ್ತಿದ್ದೀನಿ. ಒಂದು ದಿನ, ಒಂದೇ ಒಂದು ದಿನ ಅದನ್ನ ತೆಗೆದು ನೋಡಬಾರದಿತ್ತಾ? ನೀವೂ ನೋಡಲಿಲ್ಲ, ಇವರೂ ನೋಡಲಿಲ್ಲ, ನಾನೂ ನೋಡಲಿಲ್ಲ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಮೇಷ್ಟ್ರು ತಲೆ ತಗ್ಗಿಸಿ ಕೂತರು. ಮೊಮ್ಮಗಳು, ಹನ್ನೊಂದು ವಾರದ ನಂತರ, ತಾತನಿಗೆ ಮಾತು ಕೊಟ್ಟಳು.

"ನಾಳೆ ಬೆಳಿಗ್ಗೆ ಏಳೂವರೆಗೆ ಬಸ್ಸಿದೆ ತಾತ. ವಿಳಾಸ ಬರೆದುಕೊಡ್ತೀನಿ. ನಾನು ಜೊತೆಗೆ ಬರ್ಲಾ?"

"ಬೇಡಮ್ಮ. ಅವತ್ತು ಒಬ್ಬನೇ ನಿಂತು ಹೇಳಿದ್ದು. ಒಬ್ಬನೇ ಹೋಗ್ತೀನಿ."

ಡ್ರೈವಿಂಗ್ ಸ್ಕೂಲು ಅಂದರೆ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆ. ಗೋಡೆಯ ತುಂಬ ರಸ್ತೆ ಚಿಹ್ನೆಗಳ ಚಿತ್ರಪಟ, ಎರಡು ಪ್ಲಾಸ್ಟಿಕ್ ಕುರ್ಚಿ. ಮೇಡಮ್ಮು ಪಾಠಕ್ಕೆ ಹೋಗಿದ್ದಾರೆ ಅಂದಳು ಒಳಗಿದ್ದ ಹುಡುಗಿ. ಮೇಷ್ಟ್ರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಕೂತರು. ಹೊರಗಿನ ಬೋರ್ಡಿನಲ್ಲಿ ಒತ್ತಕ್ಷರ ಸೊಟ್ಟಗಿತ್ತು. ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಬಿಳಿ ಕಾರು ಗಕ್ಕನೆ ನಿಂತಿತು. ಬೆವೆತು ಹೋಗಿದ್ದ ಒಬ್ಬ ನಡುವಯಸ್ಸಿನ ಹೆಂಗಸು ಇಳಿದು, "ನಾಳೆ ಗೇರು ಸರಿಯಾಗಿ ಹಾಕ್ತೀನಿ ಮೇಡಂ" ಅಂತ ಹೊರಟಳು. ಈಚೆ ಬಾಗಿಲಿಂದ ಮಗಳು ಇಳಿದಳು. ಕಿವಿಯ ಹತ್ತಿರ ಕೂದಲು ನರೆತಿತ್ತು. ಅಪ್ಪನನ್ನು ನೋಡಿ ನಿಂತಳು.

"ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ."

"ಮತ್ತೆ?"

"ನಿನ್ನ ಹತ್ತಿರ ಒಂದು ಮಾತು ಹೇಳಬೇಕಿತ್ತು, ಬುಗುರಿ."

"ಹಾಗೆ ಕರೀಬೇಡಿ. ಅಮ್ಮ ಕರೀತಿದ್ದ ಹೆಸರು ಅದು." ಅವಳು ಗಡಿಯಾರ ನೋಡಿಕೊಂಡಳು. "ಮುಂದಿನ ಪಾಠಕ್ಕೆ ಇಪ್ಪತ್ತು ನಿಮಿಷ ಇದೆ. ಒಳಗೆ ಬನ್ನಿ."

ಹುಡುಗಿ ಎರಡು ಟೀ ತಂದಿಟ್ಟು ಹೊರಗೆ ಹೋದಳು. ಮೇಷ್ಟ್ರು ಬಸ್ಸಿನಲ್ಲಿ ಬರುವಾಗ ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲೋ ಉದುರಿಹೋಗಿತ್ತು.

"ಅದು ಬರೆದಿಲ್ಲ" ಅಂದರು. "ಪೂರ್ತಿ ಓದಿದೆ. ಮೊದಲಿಂದ ಕಡೇವರೆಗೆ. ಅಂಥ ಮಾತು ಅದರಲ್ಲಿಲ್ಲ. ನಿನ್ನ ಮುಂದೆ ಬಾಗಿಲು ಹಾಕಿದ್ದು ನಾನು. ದೇವರಲ್ಲ. ತಪ್ಪಾಯ್ತು."

ಮಗಳು ಟೀ ಲೋಟ ತಿರುಗಿಸಿದಳು. ಅವಳು ಅಳಲಿಲ್ಲ, ಸಿಟ್ಟೂ ಆಗಲಿಲ್ಲ.

"ನನಗೆ ಗೊತ್ತಿತ್ತು ಅಪ್ಪ. ಅಮ್ಮ ಆಗಲೇ ಹೇಳಿದ್ದಳು. ನಾನು ಇಲ್ಲಿಗೆ ಬಂದು ಮೂರು ತಿಂಗಳಿಗೆ ಫೋನ್ ಮಾಡಿದಳು. 'ಪೂರ್ತಿ ನೋಡಿದೆ ಮಗಳೇ, ಎಲ್ಲೂ ಇಲ್ಲ, ನೀನು ತಲೆ ಎತ್ತಿಕೊಂಡಿರು' ಅಂದಳು. ಅವತ್ತಿನಿಂದ ನಾನು ನಿದ್ದೆ ಮಾಡಿದ್ದು. ಬೇರೆ ಯಾರಿಗೂ ನಾನು ಹೇಳಲಿಲ್ಲ, ನೀವೇ ತೆಗೆದು ನೋಡಬೇಕಿತ್ತು."

"ನನಗೆ ಯಾಕೆ ಹೇಳಲಿಲ್ಲ ಅವಳು?"

"ಹೇಳಿದಳಂತೆ."

"ಇಲ್ಲ. ನನಗೆ ಹೇಳಲಿಲ್ಲ."

"ಹೇಳಿದಳಂತೆ ಅಪ್ಪ. ಬೆಳಿಗ್ಗೆ ನೀವು ಬ್ರಷ್ ತೊಳೀತಾ ಕೂತಿದ್ರಂತೆ. ಓದೋದು ನಿಲ್ಲಿಸಿ, 'ರೀ, ನೀವು ಹೇಳಿದ ಮಾತು ಇದರಲ್ಲಿಲ್ಲ, ನಾನು ಪೂರ್ತಿ ಹುಡುಕಿದೆ' ಅಂದಳಂತೆ. ನೀವು 'ಹೂಂ' ಅಂದ್ರಂತೆ."

ಮೇಷ್ಟ್ರು ಲೋಟ ಕೆಳಗಿಟ್ಟರು.

"ಇನ್ನೊಂದು ಸಲಾನೂ ಹೇಳಿದಳಂತೆ. ಆಗಲೂ 'ಹೂಂ' ಅಂದ್ರಂತೆ. ಅವಳಿಗೆ ನಗು ಬಂತಂತೆ, ಆಮೇಲೆ ಅಳು ಬಂತಂತೆ. ನಲವತ್ತು ವರ್ಷ ಏನು ಓದಿದರೂ 'ಹೂಂ' ಅಂದವರು, ಇದಕ್ಕೂ ಅಂದ್ರು ಅಂತ ಹೇಳಿದಳು."

ಹೊರಗೆ ಯಾರೋ ಕಾರಿನ ಹಾರ್ನ್ ಒತ್ತಿ ನೋಡುತ್ತಿದ್ದರು. ಮೇಷ್ಟ್ರು ಎಷ್ಟು ನೆನಪು ಮಾಡಿಕೊಂಡರೂ ಆ ಬೆಳಿಗ್ಗೆ ನೆನಪಾಗಲಿಲ್ಲ. ಟರ್ಪೆಂಟೈನ್ ವಾಸನೆ ನೆನಪಾಯಿತು. ಬ್ರಷ್ಷಿನ ಕೂದಲಿಂದ ಬಣ್ಣ ಬಿಡುವುದು ನೆನಪಾಯಿತು. ಅವಳ ದನಿ ಇತ್ತು, ಮಾತಿರಲಿಲ್ಲ.

ಅವರು ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ತೋರಿಸಲಿಕ್ಕೆಂದು ತಂದಿದ್ದರು, ಯಾರಾದರೂ ನಂಬದಿದ್ದರೆ ಅಂತ. ಮಗಳು ಅದನ್ನು ಕಂಡದ್ದೇ ಎರಡೂ ಕೈಯಲ್ಲಿ ಎಳೆದುಕೊಂಡಳು. ರಟ್ಟಿನ ಹರಿದ ಮೂಲೆಯನ್ನು ಸವರಿದಳು.

"ಇದನ್ನ ನನಗೆ ಕೊಡ್ತೀರಾ?"

ಮನೆಯಲ್ಲಿ ಹಗಲೆಲ್ಲ ಮೇಷ್ಟ್ರಿಗಿದ್ದ ಜೊತೆಯೆಂದರೆ ಆ ಪೆನ್ಸಿಲಿನ ತಾರೀಖುಗಳು. "ಇಟ್ಕೋ" ಅಂದರು. "ನಿನ್ನದೇ ಅದು. ಅವಳು ನಿನಗೋಸ್ಕರ ಓದಿದ್ದು."

ಬಸ್ ಸ್ಟ್ಯಾಂಡಿಗೆ ಅವಳೇ ಬಿಟ್ಟಳು. "ಕಾಲು ಹಿಂದಕ್ಕಿಟ್ಕೊಳ್ಳಿ, ಅಲ್ಲೊಂದು ಬ್ರೇಕಿದೆ" ಅಂದಳು. ಅದು ಪಾಠ ಹೇಳುವವರು ಕೂರುವ ಸೀಟು. ಮೇಷ್ಟ್ರು ದಾರಿಯುದ್ದಕ್ಕೂ ಕಾಲು ಮಡಚಿಕೊಂಡು ಕೂತರು. ಇಳಿಯುವಾಗ, "ಮನೆಗೆ ಬಾ" ಅಂದರು.

"ಇವತ್ತು ಹೇಳೋಕಾಗಲ್ಲ ಅಪ್ಪ. ಒಂಬತ್ತು ವರ್ಷ ಅದು. ಹುಡುಗಿನ ಕಳಿಸಿ, ಕಾರು ಕಲಿಸ್ತೀನಿ." ಅವಳು ಕಿಟಕಿಯ ಗಾಜು ಏರಿಸಿದಳು. ಮೂರು ಗಂಟೆಗೆ ಇನ್ನೊಂದು ಪಾಠವಿತ್ತು.

ಮುಂದಿನ ಭಾನುವಾರ ಮೇಷ್ಟ್ರು ಆರಾಧನೆಯ ಕೊನೆಗೆ ಎದ್ದು ನಿಂತರು. ತಾವು ಹಲವರ ಮನೆಯಲ್ಲಿ, ಒಂದು ಸಲ ಇದೇ ಸಭೆಯಲ್ಲಿ, ವಾಕ್ಯವೆಂದು ಹೇಳಿದ ಮಾತು ವಾಕ್ಯವಲ್ಲವೆಂದರು. "ನಾನು ಓದದೆ ಹೇಳಿದೆ. ನೀವು ಓದದೆ ನಂಬಿದ್ರಿ. ಇನ್ನು ಮೇಲೆ ಯಾರು ಏನು ಹೇಳಿದರೂ, ಎಲ್ಲಿ ಬರೆದಿದೆ ಅಂತ ಕೇಳಿ. ಮನೆಗೆ ಹೋಗಿ ತೆಗೆದು ನೋಡಿ." ಹಿರಿಯರ ಕುರ್ಚಿ ಬಿಡುತ್ತೇನೆ ಅಂತಲೂ ಹೇಳಿದರು. ಪಾಸ್ಟರು ಬೇಡವೆನ್ನಲಿಲ್ಲ. ಹೊರಗೆ ಬಂದಾಗ ಯಾವಾಗಲೂ ಸುತ್ತುವರಿಯುತ್ತಿದ್ದ ಜನ ಅವತ್ತು ತಮ್ಮ ತಮ್ಮ ಚಪ್ಪಲಿ ಹುಡುಕುವುದರಲ್ಲೇ ಇದ್ದರು. ಒಬ್ಬಳು ಹೆಂಗಸು ಮಾತ್ರ ದೂರದಲ್ಲಿ ನಿಂತು ಇವರನ್ನೇ ನೋಡಿದಳು, ಆಮೇಲೆ ಗಂಡನ ಹಿಂದೆ ಹೊರಟಳು. ಆ ಮನೆಯಲ್ಲೂ ತಾವು ಅದೇ ಮಾತು ಹೇಳಿದ್ದು ಮೇಷ್ಟ್ರಿಗೆ ನೆನಪಿತ್ತು. ಮಂಗಳವಾರ ಹೋಗಿ ಅವರ ಬಾಗಿಲು ತಟ್ಟಿದರು. ಗಂಡ ತೆರೆಯಲಿಲ್ಲ. ಬುಧವಾರ ಮತ್ತೆ ಹೋದರು. ಒಳಕ್ಕೆ ಕರೆದ, ಕೂರಿಸಿದ, ಹೇಳಿದ್ದನ್ನು ಕೇಳಿಸಿಕೊಂಡ.

ಚರ್ಚಿನ ಕಪಾಟಿನಿಂದ ಹೊಸ ಪುಸ್ತಕ ಕೊಂಡು ತಂದರು. ಅಂಚುಗಳೆಲ್ಲ ಬೆಳ್ಳಗೆ, ಪುಟಗಳು ಒಂದಕ್ಕೊಂದು ಅಂಟಿಕೊಂಡು. ಮೊದಲ ಸಲ ಹುಡುಕುತ್ತಾ ಓದಿದ್ದು. ಈ ಸಲ ಹುಡುಕುವುದೇನೂ ಇರಲಿಲ್ಲ. ದಿನಕ್ಕೆ ಎರಡೇ ಅಧ್ಯಾಯ, ಜೋರಾಗಿ, ಖಾಲಿ ಮನೆಯಲ್ಲಿ. ಭಾನುವಾರ ಊಟದ ಮೇಲೆ ಸೊಸೆ "ಈ ವಾರ ಏನಾಯ್ತು ಮಾವ?" ಅಂತ ಕೇಳುತ್ತಿದ್ದಳು, ಪಾತ್ರೆ ತೊಳೆಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಮೊಮ್ಮಗಳು ಅತ್ತೆಯ ಊರಿಗೆ ಹೋಗಿ ಕಾರು ಕಲಿತು ಬಂದಳು. ಮಗಳು ಬರಲಿಲ್ಲ, ಫೋನನ್ನೂ ಮಾಡಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮಾಡಿದಳು. ಮೇಷ್ಟ್ರು ಊಟಕ್ಕೆ ಕೂತಿದ್ದರು.

"ಅಪ್ಪ, ಒಂದು ವಿಷಯ. ಪುಸ್ತಕದಲ್ಲಿ ಅರಣ್ಯಕಾಂಡ ಅನ್ನೋ ಭಾಗ, ಆ ಜನಗಣತಿ ಇರೋದು, ಅದರಲ್ಲಿ ಐದು ಜನ ಹುಡುಗಿಯರ ಹೆಸರು ಬರುತ್ತಲ್ಲ?"

"ಬರುತ್ತೆ. ಪಾಲು ಕೇಳಿದವರು."

"ಅವರ ಹೆಸರಿನ ಪಕ್ಕ ಅಮ್ಮ ಪೆನ್ಸಿಲಲ್ಲಿ ಏನೋ ಬರೆದಿದ್ದಾಳೆ. ತಾರೀಖಲ್ಲ. ಅಳಿಸಿಹೋಗಿದೆ, ಓದೋಕಾಗ್ತಿಲ್ಲ. ನಿಮಗೆ ಗೊತ್ತಾ?"

ಮೇಷ್ಟ್ರು ಅದನ್ನು ಕಲೆ ಅಂದುಕೊಂಡು ದಾಟಿ ಹೋಗಿದ್ದರು. "ಎಷ್ಟು ಅಕ್ಷರ?"

"ಮೂರು."

"ಬೆಳಕಿಗೆ ಓರೆ ಹಿಡಿ. ಪೆನ್ಸಿಲು ಮಾಸಿದರೂ ಒತ್ತಿದ ಗೆರೆ ಇರುತ್ತೆ. ಮೊದಲನೇದಕ್ಕೆ ತಲೆಕಟ್ಟು ಇದೆಯಾ?"

"ಇಲ್ಲ. ಬಾಯಿ ತೆರೆದಿದೆ. ಪಕ್ಕಕ್ಕೆ ಕೊಂಬು."

"ಎರಡನೇದು?"

"ತಲೆಕಟ್ಟು ಇದೆ. ಅದಕ್ಕೂ ಕೊಂಬು."

"ಮೂರನೇದಕ್ಕೆ ಗುಡಿಸಾ?"

ಮೇಷ್ಟ್ರು ಎಡಗೈ ಬೆರಳಿನಿಂದ ಮೇಜಿನ ಮೇಲೆ ಆ ಮೂರು ಅಕ್ಷರ ಬರೆದು ನೋಡಿದರು. ಮಗಳು ಕರೆಯಬೇಡಿ ಅಂದಿದ್ದ ಆ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ. ಐದು ಜನ ಅಕ್ಕತಂಗಿಯರ ಸಾಲಿಗೆ ಹೆಂಡತಿ ಆರನೆಯವಳನ್ನು ಸೇರಿಸಿದ್ದಳು.

ಆ ಕಡೆ ಮೂಗು ಎಳೆದ ಸದ್ದು, ಈ ಕಡೆ ಫ್ರಿಜ್ಜಿನ ಗುರ್ರ್ ಅನ್ನುವ ಸದ್ದು.

"ನೀವು ಈಗ ಎಲ್ಲಿ ಓದ್ತಿದ್ದೀರಿ ಅಪ್ಪ?"

"ನಿನಗಿಂತ ಹಿಂದೆ ಇದ್ದೀನಿ. ಇನ್ನೂ ಅಲ್ಲಿಗೆ ಬಂದಿಲ್ಲ. ನಿಧಾನ ಓದ್ತೀನಿ."

"ಬನ್ನಿ ಹಾಗಾದ್ರೆ" ಅಂದಳು ಮಗಳು. "ಕಾಯ್ತೀನಿ."

ಫೋನು ಇಟ್ಟ ಮೇಲೆ ಮೇಷ್ಟ್ರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕೈ ತೊಳೆದು ಬಂದು, ಬಿಟ್ಟಲ್ಲಿಂದ ಮುಂದಕ್ಕೆ ಓದತೊಡಗಿದರು.